ಕುಂಟೆತ್ತಿನ ಪರವಾಗಿ

ಕಳೆದ ವರ್ಷ ಮಣ್ಣೆತ್ತಿನ ಅಮಾವಾಸ್ಯೆಯ ದಿನ ರಾಯಚೂರು ಜಿಲ್ಲೆಯ ಬಾಗಲವಾಡದಲ್ಲಿ ತಂಗಿಯ ಮನೆಯಲ್ಲಿದ್ದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಆರು ವರ್ಷದ ಅಳಿಯ ಹಿತ್ತಲ ಕಡೆಯಿಂದ ಮೊಳಕೈವರೆಗೂ ಎರೆಮಣ್ಣು ಮೆತ್ತಿಕೊಂಡು ಬಂದ. ಅಂಗೈ ಮೇಲೆ ಒಂದು ಎತ್ತು. ಎತ್ತು ಎಂದು ಅವನು ಹೇಳಿದ್ದರಿಂದ ಎತ್ತು. ಕಾಲು ಮೂರಿದ್ದವು, ನಾಲ್ಕನೆಯದು ಬರುವ ದಾರಿಯಲ್ಲೆಲ್ಲೋ ಬಿದ್ದಿತ್ತು. ಇಣಿ ತಲೆಗಿಂತ ದೊಡ್ಡದು. ಕಣ್ಣಿಗೆಂದು ಎರಡು ಜೋಳದ ಕಾಳು ಒತ್ತಿದ್ದ. ಒಂದು ಇರಬೇಕಾದಲ್ಲೇ ಇತ್ತು, ಇನ್ನೊಂದು ಗದ್ದದ ಹತ್ತಿರ. ಹುಡುಗನ ಮುಖ ಮಾತ್ರ ಸಂತೆಯಲ್ಲಿ ಹೊಸ ಜೋಡಿ ಹಿಡಿದು ಬಂದ ಒಕ್ಕಲಿಗನ ಮುಖದ ಹಾಗೆ ಅರಳಿತ್ತು.

ಒಲೆ ಮುಂದಿದ್ದ ತಂಗಿ ತಿರುಗಿ ನೋಡಿದಳು. "ಏ ತಮ್ಮಾ, ಅದನ್ನ ತಂದು ಜಗಲಿ ಮ್ಯಾಲ ಇಟ್ಟಿಗಿಟ್ಟೀ. ಹಂದಿ ಕಂಡಂಗ ಕಾಣ್ತದ. ಪ್ಯಾಟ್ಯಾಗಿಂದ ತಂದೀವಲ್ಲ, ಅವು ಅದಾವ ನೋಡು."

ದೇವರ ಜಗಲಿಯ ಮೇಲೆ ಅವು ಆಗಲೇ ನಿಂತಿದ್ದವು. ಅಚ್ಚಿನಲ್ಲಿ ಒತ್ತಿ ತೆಗೆದವು, ಮೈತುಂಬ ಬಂಗಾರದ ಬಣ್ಣ, ಕೋಡಿಗೆ ಕೆಂಪು. ಎರಡಕ್ಕೂ ಒಂದೇ ಮುಖ, ಎಳ್ಳಷ್ಟೂ ಭೇದವಿಲ್ಲ. ಒಂದರ ಹೊಟ್ಟೆಯ ಕೆಳಗೆ ಪ್ಲಾಸ್ಟಿಕ್ ಚೀಲದ ಚೂರು ಇನ್ನೂ ಅಂಟಿಕೊಂಡಿತ್ತು. ಹುಡುಗ ತನ್ನ ಎತ್ತನ್ನು ಬಚ್ಚಲಿನ ಗಡಿಗೆಯ ಹಿಂದೆ ಇಟ್ಟು ಕೈ ತೊಳೆದುಕೊಂಡು ಬಂದ. ನನ್ನ ಪಕ್ಕ ಕುಳಿತು, ನಾನು ಏನೂ ಕೇಳದಿದ್ದರೂ ಹೇಳಿದ: "ನನಗ ಬರಂಗಿಲ್ಲ ಮಾಮಾ."

ತಂಗಿಯನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವಳು ಕೆಟ್ಟ ತಾಯಿಯಲ್ಲ. ಮಗನ ಊಟ, ನಿದ್ದೆ, ಅಂಕಪಟ್ಟಿ ಎಲ್ಲದರ ಮೇಲೂ ಕಣ್ಣಿಟ್ಟವಳು. ಊರೆಲ್ಲ ಹೇಳುವುದನ್ನೇ ಅವಳೂ ಹೇಳಿದಳು. ನನ್ನ ಜಗಳ ಇರುವುದು ಊರೆಲ್ಲ ಹೇಳುವ ಆ ಮಾತಿನ ಜೊತೆ. ಚಿತ್ರ, ಬಣ್ಣ, ಮಣ್ಣಿನ ಗೊಂಬೆ ಎಂದರೆ ಕೈ ಇದ್ದವರ ಕೆಲಸ. ಮಗುವಿಗೆ ಕೈ ಇದ್ದರೆ ಕ್ಲಾಸಿಗೆ ಸೇರಿಸು, ಬಹುಮಾನ ತರಲಿ. ಇಲ್ಲದಿದ್ದರೆ ಬಣ್ಣದ ಡಬ್ಬಿ ಎತ್ತಿಟ್ಟು ಗಣಿತದ ಪುಸ್ತಕ ಕೊಡು. ದೊಡ್ಡವರಾದ ಮೇಲಂತೂ ಕೇಳಲೇಬೇಡ, ಕೆಲಸವಿಲ್ಲದವರ ಕೆಲಸ ಅದು. ಸಾಲೆಯ ಕಟ್ಟೆಯ ಮೇಲೆ, ಮದುವೆ ಮನೆಯ ಪಂಕ್ತಿಯಲ್ಲಿ, ಪಾಲಕರ ಸಭೆಯಲ್ಲಿ ಈ ಮಾತು ಎಷ್ಟು ಸಲೀಸಾಗಿ ಓಡಾಡುತ್ತದೆಂದರೆ, ಇದೊಂದು ಅಭಿಪ್ರಾಯ, ಇದಕ್ಕೆ ಎದುರು ಮಾತೂ ಇರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ.

ಎದುರು ಮಾತು ನಮ್ಮ ಅಡುಗೆ ಮನೆಯಲ್ಲೇ ಇದೆ. ರೊಟ್ಟಿ ಗುಂಡಗೆ ಬರಲಿಲ್ಲ ಎಂದು ಯಾವ ಮನೆಯಲ್ಲಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಾರೆ? ಹೊಸದಾಗಿ ಕಲಿಯುವ ಹುಡುಗಿಯ ರೊಟ್ಟಿ ನಕಾಶೆಯ ಹಾಗೆ ಬರುತ್ತದೆ, ಎಲ್ಲರೂ ನಗುತ್ತಾರೆ, ಮುರಿದು ತಿನ್ನುತ್ತಾರೆ. ಹಾಡಿನ ವಿಷಯವೂ ಹಾಗೇ. ಚೀಕಲಪರ್ವಿಯ ವಿಜಯದಾಸರು, ಬ್ಯಾಗವಾಟದ ಜಗನ್ನಾಥದಾಸರು, ಮೊಸರಕಲ್ಲಿನ ಗೋಪಾಲದಾಸರು ಎಲ್ಲ ಈ ಮಾನ್ವಿ, ದೇವದುರ್ಗದ ಸೀಮೆಯವರೇ. ಅವರ ಹಾಡುಗಳು ಇಷ್ಟು ಕಾಲ ಉಳಿದದ್ದು ಸಂಗೀತ ಬಲ್ಲವರಿಂದಷ್ಟೇ ಅಲ್ಲ, ನಸುಕಿನಲ್ಲಿ ಕಸ ಹೊಡೆಯುತ್ತ, ಮಜ್ಜಿಗೆ ಕಡೆಯುತ್ತ ಗುನುಗಿದ ಹೆಂಗಸರಿಂದಲೂ. ಅವರಲ್ಲಿ ಎಷ್ಟು ಜನರ ಶ್ರುತಿ ಸರಿ ಇತ್ತೋ ಆ ದೇವರಿಗೇ ಗೊತ್ತು. ಶ್ರುತಿ ತಪ್ಪಿತೆಂದು ಆರತಿ ನಿಂತ ಮನೆಯನ್ನು ನಾನಂತೂ ಕಂಡಿಲ್ಲ. ಚಿತ್ರಕ್ಕೆ ಮಾತ್ರ ಯಾಕೆ ಈ ಕಟ್ಟುಪಾಡು?

ಇದು ಹಳೆಯ ಕಟ್ಟುಪಾಡೂ ಅಲ್ಲ. ನಮ್ಮ ರಾಯಚೂರು ಜಿಲ್ಲೆಯಲ್ಲಿ ಮುದಗಲ್ ಹತ್ತಿರ ಪಿಕ್ಲಿಹಾಳ ಎಂಬ ಊರಿದೆ. 1952ರಲ್ಲಿ ಎಫ್. ಆರ್. ಆಲ್ಚಿನ್ ಎಂಬ ಪುರಾತತ್ವಜ್ಞ ಅಲ್ಲಿ ಅಗೆಸಿದ. ಅಲ್ಲಿ ಸಿಕ್ಕದ್ದು ದನ ಸಾಕಿ ಬದುಕಿದ ಹೊಸ ಶಿಲಾಯುಗದ ಜನರ ನೆಲೆ, ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನದು. ಸುತ್ತಲಿನ ಬಂಡೆಗಳ ಮೇಲೆ ಕುಟ್ಟಿ, ಗೀಚಿ, ಬಣ್ಣ ಬಳಿದು ಮಾಡಿದ ದನಗಳು. ಸುಟ್ಟ ಮಣ್ಣಿನ ಪುಟ್ಟ ಇಣಿ ಎತ್ತುಗಳೂ ಸಿಕ್ಕಿವೆ. ಬಂಡೆಯ ಮೇಲಿನ ದನಗಳಲ್ಲಿ ಕೆಲವು ಎಷ್ಟು ಚೆಂದವೆಂದರೆ ಇವತ್ತಿನ ಚಿತ್ರಕಾರ ಹೊಟ್ಟೆಕಿಚ್ಚು ಪಡಬೇಕು. ಕೆಲವು ಮಾತ್ರ ನನ್ನ ಅಳಿಯನ ಎತ್ತಿನ ಖಾಸಾ ಅಣ್ಣತಮ್ಮಂದಿರು, ಕೋಲಿಗೆ ಕೋಡು ಸಿಕ್ಕಿಸಿದ ಹಾಗೆ. ದನ ಕಾಯುವವನಿಗೆ ಮಧ್ಯಾಹ್ನ ಹೊತ್ತು ಹೋಗಬೇಕು, ಕೈಯಲ್ಲಿ ಕಲ್ಲಿದೆ, ಎದುರಿಗೆ ಬಂಡೆಯಿದೆ, ಕುಟ್ಟಿದ. ಬಂದವನೆಲ್ಲ ಕುಟ್ಟಿದ. ಚೆಂದದ ಎತ್ತು ಕುಟ್ಟಿದವನು ಪಕ್ಕದವನಿಗೆ "ನಿನಗ ಬರಂಗಿಲ್ಲ, ನೀ ಬಿಡು" ಎಂದಿದ್ದರೆ ಆ ಬಂಡೆಗಳು ಅಷ್ಟು ತುಂಬುತ್ತಿರಲಿಲ್ಲ ಎಂದು ನನ್ನ ಎಣಿಕೆ.

ನಮ್ಮ ಪಂಚಾಂಗ ನೋಡಿ. ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚಿದ್ದೇ ತಡ, ಹದಿನೈದು ದಿನಕ್ಕೆ ಮಣ್ಣೆತ್ತು ಮಾಡುವ ಅಮಾವಾಸ್ಯೆ. ಆಷಾಢದ ಮಂಗಳವಾರಗಳಂದು ಹುಡುಗಿಯರು ಮಣ್ಣಿನ ಗುಳ್ಳವ್ವನನ್ನು ಮಾಡಿ ಕೂಡಿಸುತ್ತಾರೆ. ಪಂಚಮಿಗೆ ಮಣ್ಣಿನ ನಾಗಪ್ಪ. ಭಾದ್ರಪದದಲ್ಲಿ ಗಣಪ, ಅವನ ಬೆನ್ನಿಗೆ ಬುಟ್ಟಿಯಲ್ಲಿ ಕುಳಿತು ಬರುವ ಜೋಕುಮಾರ. ದೀಪಾವಳಿಗೆ ಸಗಣಿಯ ಪಾಂಡವರು, ತಲೆಗೆ ಉತ್ತರಾಣಿ ಕಡ್ಡಿ, ಚೆಂಡು ಹೂವು. ನಡುವಿನ ಅಷ್ಟೂ ದಿನ ಅಂಗಳಕ್ಕೆ ಥಳಿ ಹೊಡೆದು ರಂಗೋಲಿ. ಬೇಸಿಗೆಯ ಉರಿ ಮಧ್ಯಾಹ್ನಗಳಲ್ಲಿ ಹಳೆಯ ಸೀರೆ ಧೋತರ ಹಾಸಿ, ನಾಲ್ಕು ಮನೆಯ ಹೆಂಗಸರು ನಾಲ್ಕು ಮೂಲೆಗೆ ಕುಳಿತು ಕೌದಿ ಹೊಲಿಯುವುದು. ಇದರಲ್ಲಿ ಒಂದಕ್ಕಾದರೂ ಅಂಗಡಿಯಿಂದ ತರುವ ಸಾಮಾನು ಬೇಕಿತ್ತೇ? ಮಣ್ಣು, ಸಗಣಿ, ಸುಣ್ಣ, ಜಾಜು, ಹರಿದ ಬಟ್ಟೆ. ಕೌದಿಯೊಂದು ಬಿಟ್ಟರೆ ಉಳಿದದ್ದು ಹೆಚ್ಚು ದಿನ ಬಾಳುವುದೂ ಇಲ್ಲ. ಮಣ್ಣೆತ್ತು ನೀರಿಗೆ, ಪಾಂಡವರು ಮಾಳಿಗೆಗೋ ತಿಪ್ಪೆಗೋ, ರಂಗೋಲಿ ಮೊದಲು ಹೊರಬಿದ್ದ ಕೋಳಿಯ ಕಾಲಿಗೆ. ಹೇಗಿದ್ದರೂ ನಾಳೆ ಇರುವುದಿಲ್ಲ ಎಂದಾಗ ಕೈ ಹೆದರುವುದಿಲ್ಲ. ಈ ಗುಟ್ಟು ಗೊತ್ತಿದ್ದ ಹಿರಿಯರು ಕಲೆಯನ್ನು ಇಟ್ಟುಕೊಳ್ಳುವ ವಸ್ತುವನ್ನಾಗಿ ಅಲ್ಲ, ಮಾಡುವ ಕೆಲಸವನ್ನಾಗಿ ಇಟ್ಟರು.

ಇದಕ್ಕಿಂತ ದೊಡ್ಡ ಸಾಕ್ಷಿ ಕುಂಟೆತ್ತು. ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಹುಡುಗರು ಕಾಲು ಮುರಿದ ಮಣ್ಣೆತ್ತೊಂದನ್ನು ಹಲಗೆಯ ಮೇಲಿಟ್ಟುಕೊಂಡು ಮನೆಮನೆಗೆ ಹೋಗುತ್ತಾರೆ. ಎಂಟು ಎತ್ತಿನಲ್ಲಿ ಕುಂಟುವ ಎತ್ತು ಬಂದಿದೆ, ಜೋಳ ನೀಡಿ ಎಂದು ಹಾಡುತ್ತಾರೆ. ಮನೆಯವರು ಮೊರದಲ್ಲಿ ಕಾಳು ತಂದು ನೀಡುತ್ತಾರೆ. ಕೂಡಿದ ಕಾಳು ಮಾರಿ ಹುಡುಗರು ಚುರುಮುರಿ, ಬೆಲ್ಲ ತಿನ್ನುತ್ತಾರೆ. ಗಮನಿಸಿ, ಪೂಜೆಗೊಂಡ ಚೆಂದದ ಜೋಡಿ ಜಗಲಿ ಬಿಟ್ಟು ಇಳಿಯುವುದಿಲ್ಲ. ಊರು ಸುತ್ತುವುದು, ಕಾಳು ಗಳಿಸುವುದು ಮುರಿದದ್ದು. ಅಷ್ಟೇ ಅಲ್ಲ, ಕುಂಟೆತ್ತು ಬೇಕೆಂದು ಗಟ್ಟಿ ಎತ್ತಿನ ಕಾಲನ್ನೇ ಮುರಿದುಕೊಂಡ ಹುಡುಗರಿದ್ದಾರೆ. ಅಂಥ ಸೀಮೆಯಲ್ಲಿ ಇವತ್ತು ಮೂರು ಕಾಲಿನ ಎತ್ತು ಬಚ್ಚಲಿನ ಗಡಿಗೆಯ ಹಿಂದೆ ಅಡಗುತ್ತದೆ.

ಅದನ್ನು ಅಡಗಿಸಿದ್ದು ಯಾರು? ಮೊದಲ ಹೆಸರು ಸ್ಪರ್ಧೆಯದು. ಇದು ಹೇಳಲು ಕಷ್ಟದ ಮಾತು. ಸ್ಪರ್ಧೆ ನಡೆಸುವವರೆಲ್ಲ ಒಳ್ಳೆಯ ಮನಸ್ಸಿನವರು. ಪ್ರೋತ್ಸಾಹ ಎಂಬ ಶಬ್ದ ಬಾಯಿಗೆ ಬಂದರೆ ಎದುರು ಮಾತಾಡಿದವನೇ ಕೆಡುಕ. ನಾನೂ ಒಮ್ಮೆ ರಂಗೋಲಿ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿ ಆ ಪಾಪ ಕಟ್ಟಿಕೊಂಡವನು. ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಒಬ್ಬೊಬ್ಬರಿಗೆ ಒಂದೊಂದು ಮನೆ ಮಾಡಿದ್ದರು. ಮೂವತ್ತಕ್ಕೂ ಹೆಚ್ಚು ಹೆಂಗಸರು ಬಂದಿದ್ದರು. ನನ್ನ ಕೈಗೆ ಒಂದು ಹಾಳೆ: ಅಂದ ಹತ್ತು ಅಂಕ, ಬಣ್ಣ ಹತ್ತು, ಸಂದೇಶ ಐದು. ರಂಗೋಲಿಗೆ ಸಂದೇಶ! ಹೀಗಾಗಿ ನವಿಲಿನ ಪಕ್ಕದಲ್ಲಿ ನೀರು ಉಳಿಸಿ, ಬಾಲಕಿಯ ಪಕ್ಕದಲ್ಲಿ ಓದಿಸಿ. ಹೆಚ್ಚಿನವರು ಮೊಬೈಲನ್ನು ಮೊಣಕಾಲಿಗೆ ಒರಗಿಸಿಕೊಂಡು ಅದರಲ್ಲಿದ್ದುದನ್ನು ನೆಲಕ್ಕಿಳಿಸುತ್ತಿದ್ದರು. ಕೊನೆಯ ಸಾಲಿನಲ್ಲಿ ಒಬ್ಬ ಮುದುಕಿ ಏನೂ ನೋಡದೆ, ಎರಡು ಬೆರಳಿನ ಸಂದಿಯಿಂದ ಪುಡಿ ಬಿಡುತ್ತ 15 ಚುಕ್ಕಿಯಿಂದ 8ಕ್ಕೆ ಇಳಿಯುವ ಚುಕ್ಕಿ ರಂಗೋಲಿಯನ್ನು ಬೀಸಾಗಿ ಎಳೆದು ಮುಗಿಸಿದಳು. ಬಣ್ಣವಿಲ್ಲ, ಸಂದೇಶವಿಲ್ಲ. ನನ್ನ ಹಾಳೆಯ ಪ್ರಕಾರ ಅವಳಿಗೆ ಇಪ್ಪತ್ತೈದರಲ್ಲಿ ಏಳು ಬಿತ್ತು. ಮೊದಲ ಬಹುಮಾನ ನವಿಲಿಗೆ ಹೋಯಿತು. ನಾಚಿಕೆಯಿಂದ ಮುದುಕಿಯ ಹತ್ತಿರ ಹೋಗಿ ಏನೋ ಸಮಾಧಾನ ಹೇಳಿದೆ. "ಹೋಗ್ಲಿ ಬಿಡ್ರಿ," ಎಂದಳು, "ಪುಡಿ ಪುಕ್ಕಟ ಕೊಟ್ರಲ್ಲ." ಉಳಿದ ಪುಡಿಯನ್ನು ಸೆರಗಿಗೆ ಕಟ್ಟಿಕೊಂಡು ಹೊರಟಳು.

ಮುದುಕಿ ಗಟ್ಟಿಗಿತ್ತಿ, ಉಳಿದಳು. ಮಕ್ಕಳು ಉಳಿಯುವುದಿಲ್ಲ. ಹೀಗೆನ್ನಲು ನನ್ನ ಅನುಭವವೊಂದೇ ಆಧಾರವಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮಾಡಿದ ಪ್ರಯೋಗವೊಂದು 1973ರಲ್ಲಿ ಪ್ರಕಟವಾಯಿತು. ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ಮಕ್ಕಳನ್ನು ಆರಿಸಿಕೊಂಡರು. ಒಂದು ಗುಂಪಿಗೆ "ಚಿತ್ರ ಬಿಡಿಸಿದರೆ ರಿಬ್ಬನ್ ಕಟ್ಟಿದ ಪ್ರಶಸ್ತಿಪತ್ರ ಕೊಡುತ್ತೇವೆ" ಎಂದು ಮುಂಚೆಯೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಕೆಲವು ದಿನ ಬಿಟ್ಟು ಅದೇ ಸ್ಕೆಚ್ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು, ಯಾರು ಎಷ್ಟು ಹೊತ್ತು ಕೂರುತ್ತಾರೆಂದು ನೋಡಿದರು. ಪ್ರಶಸ್ತಿಯ ಆಸೆಗೆ ಬಿಡಿಸಿದ್ದ ಮಕ್ಕಳು ಅದರ ಹತ್ತಿರ ಕೂತದ್ದು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ. ಪ್ರಶಸ್ತಿಗೆಂದು ಬಿಡಿಸಿದ ಚಿತ್ರಗಳ ಗುಣಮಟ್ಟವೂ ಕಡಿಮೆಯಿತ್ತು. ಇವು ಸೋತ ಮಕ್ಕಳಲ್ಲ, ನೆನಪಿರಲಿ. ಪ್ರಶಸ್ತಿ ಇವರೆಲ್ಲರಿಗೂ ಸಿಕ್ಕಿತ್ತು. ಗೆದ್ದವರಿಗೇ ಹೀಗಾದರೆ, ನಮ್ಮಲ್ಲಿ ಮೂವರಿಗೆ ಸ್ಟೀಲ್ ಡಬ್ಬಿ ಕೊಟ್ಟು ಉಳಿದವರನ್ನು ಬರಿಗೈಲಿ ಮನೆಗೆ ಕಳಿಸುತ್ತೇವಲ್ಲ, ಆ ಉಳಿದವರ ಗತಿಯೇನು?

ಹಾಗಾದರೆ ಪ್ರತಿಭಾ ಕಾರಂಜಿ ನಿಲ್ಲಿಸಬೇಕೇ, ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಬೇಡವೇ ಎಂದು ಕೇಳಬಹುದು. ನಡೆಯಲಿ. ಓಟದ ಪಂದ್ಯ ಇರಬೇಕು, ಓಡುವ ಹುಚ್ಚಿದ್ದವರು ಓಡಲಿ. ಆದರೆ ಪಂದ್ಯದಲ್ಲಿ ಗೆಲ್ಲದವರು ನಡೆಯುವುದನ್ನೇ ಬಿಡಬೇಕು ಎಂದು ಯಾರೂ ಹೇಳುವುದಿಲ್ಲವಲ್ಲ. ಚಿತ್ರದಲ್ಲಿ ನಾವು ಹೇಳುತ್ತಿರುವುದು ಅದನ್ನೇ. ಮಕ್ಕಳ ಪಾಲಿಗೆ ಪಂದ್ಯವೊಂದೇ ಉಳಿದು, ನಡಿಗೆ ಕಾಣೆಯಾಗಿದೆ.

ಕಾಣೆಯಾದದ್ದಕ್ಕೆ ಪುರಾವೆ ಬೇಕಾದರೆ ಯಾವುದಾದರೂ ಮಗುವಿನ ಕೈಗೆ ಹಾಳೆ ಕೊಟ್ಟು "ಏನಾದರೂ ಬಿಡಿಸು" ಎನ್ನಿ. ಎರಡು ತ್ರಿಕೋನ ಗುಡ್ಡ, ನಡುವೆ ಸೂರ್ಯ, ಗುಡ್ಡದಿಂದ ಇಳಿಯುವ ಹೊಳೆ, ದಂಡೆಗೆ ತೆಂಗಿನ ಮರ, ಕೆಂಪು ಹಂಚಿನ ಮನೆ. ಬಾಗಲವಾಡದ ಮಗುವೂ ಇದನ್ನೇ ಬಿಡಿಸುತ್ತದೆ! ನಮ್ಮದು ಕಣ್ಣು ಹಾಯುವವರೆಗೂ ಬಯಲು ಸೀಮೆ. ಮನೆಗಳು ಮಣ್ಣಿನ ಮಾಳಿಗೆಯವು, ಈಗ ಆರ್‌ಸಿಸಿ. ಮರವೆಂದರೆ ಬೇವು, ಜಾಲಿ. ನೀರೆಂದರೆ ಕಾಲುವೆಗೆ ಬಿಟ್ಟಾಗ ಬಂದದ್ದು. ಸೂರ್ಯ ಗುಡ್ಡದ ಸಂದಿಯಲ್ಲಿ ನಾಚಿಕೊಂಡು ಹುಟ್ಟುವುದಿಲ್ಲ, ಹತ್ತಿ ಹೊಲದ ಅಂಚಿನಿಂದ ಸೀದಾ ಹಣೆಗೆ ಬಡಿಯುತ್ತಾನೆ. ಇಷ್ಟೆಲ್ಲ ಕಣ್ಣೆದುರಿಗಿದ್ದೂ ಮಗು ಕಾಣದ ಗುಡ್ಡ ಬಿಡಿಸುತ್ತದೆ, ಏಕೆಂದರೆ ಅಂಕ ಬರುವ ಚಿತ್ರ ಅದು. ಅದನ್ನು ಸ್ಕೇಲ್ ಇಟ್ಟು ಬಿಡಿಸಿದವನಿಗೆ ಕೈ ಇದೆ ಎನ್ನುತ್ತೇವೆ. ಬೇವಿನ ಮರವನ್ನು ಬೇವಿನ ಮರದ ಹಾಗೆ ಗೊಜಗೊಜ ಗೀಚಿದವನಿಗೆ ಬರುವುದಿಲ್ಲ ಎನ್ನುತ್ತೇವೆ.

ಅಂಕ, ಬಹುಮಾನ ಎನ್ನುವವರದು ಒಂದು ಗುಂಪಾಯಿತು. ಇನ್ನೊಂದು ಗುಂಪು ಇತ್ತೀಚಿನದು, ಪೇಟೆಯದು. ಇವರು ಎಲ್ಲರೂ ಚಿತ್ರ ಬಿಡಿಸಬಹುದು ಎನ್ನುತ್ತಾರೆ, ಆ ಮಟ್ಟಿಗೆ ನನ್ನ ಕಡೆಯವರು. ಆದರೆ ಒತ್ತಡ ಕಡಿಮೆಯಾಗಲಿ ಎಂದು ಬಿಡಿಸಬೇಕಂತೆ. ಸ್ಕಾಟ್ಲೆಂಡಿನ ಜೊಹಾನಾ ಬಾಸ್‌ಫರ್ಡ್ 2013ರಲ್ಲಿ ದೊಡ್ಡವರು ಬಣ್ಣ ತುಂಬುವ ಪುಸ್ತಕವೊಂದನ್ನು ತಂದರು, ಲಕ್ಷಾಂತರ ಪ್ರತಿ ಹೋಯಿತು. ಅಲ್ಲಿಂದ ಬಣ್ಣ ತುಂಬುವ ಪುಸ್ತಕ, ಮಂಡಲ ಕಿಟ್, ನಂಬರ್ ನೋಡಿ ಬಣ್ಣ ಹಚ್ಚುವ ಕ್ಯಾನ್ವಾಸ್ ಎಂದು ಮಾಲು ಬಂದೇ ಬಂತು. ಸಾಲದ್ದಕ್ಕೆ ವಿಜ್ಞಾನದ ಮುದ್ರೆಯೂ ಇದೆ. ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ಜನ ದೊಡ್ಡವರು 45 ನಿಮಿಷ ಬಣ್ಣ, ಮಣ್ಣು, ಕಾಗದದ ಚೂರುಗಳಲ್ಲಿ ಮನಸ್ಸಿಗೆ ಬಂದದ್ದನ್ನು ಮಾಡಿದರು. ನಾಲ್ಕರಲ್ಲಿ ಮೂರು ಪಾಲು ಜನರ ಜೊಲ್ಲಿನಲ್ಲಿ ಕಾರ್ಟಿಸಾಲ್, ಅಂದರೆ ಒತ್ತಡದ ಹಾರ್ಮೋನು, ಇಳಿದಿತ್ತು. ಮೊದಲೇ ಕಲೆ ಕಲಿತವರು, ಕಲಿಯದವರು ಎಂಬ ಭೇದ ಅದರಲ್ಲಿ ಕಾಣಲಿಲ್ಲ.

ನನ್ನ ವಾದಕ್ಕೆ ಇದು ಹೇಳಿ ಮಾಡಿಸಿದ ಸಾಕ್ಷಿ. ಕೈ ಇರಲಿ ಬಿಡಲಿ ಫಲ ಒಂದೇ ಎಂದಮೇಲೆ "ಬರಂಗಿಲ್ಲ" ಎನ್ನುವವರ ಬಾಯಿ ಮುಚ್ಚಿಸಲು ಇನ್ನೇನು ಬೇಕು? ಆದರೂ ಈ ಸಾಕ್ಷಿಯನ್ನು ನಾನು ಅಳುಕುತ್ತಲೇ ಕರೆಯುತ್ತೇನೆ. ಚಿತ್ರ ಬಿಡಿಸಲು ಜೊಲ್ಲಿನ ಪರೀಕ್ಷೆಯ ಅನುಮತಿ ಬೇಕೆಂದಾದರೆ ನಾವು ಎಲ್ಲಿಗೆ ಬಂದೆವು? ಬಹುಮಾನದ ಜಾಗಕ್ಕೆ ಆರೋಗ್ಯ ಬಂದು ಕೂತಿತು, ಅಷ್ಟೇ. ಮೊದಲು "ಎಷ್ಟನೇ ನಂಬರ್ ಬಂತು" ಎಂದು ಕೇಳುತ್ತಿದ್ದರು, ಈಗ "ಮನಸ್ಸು ಹಗುರಾಯಿತೇ" ಎಂದು ಕೇಳುತ್ತಾರೆ. ಎರಡೂ ಲೆಕ್ಕ ಕೇಳುವ ಮಾತೇ. ಕೌದಿ ಹೊಲಿಯುತ್ತ ನನ್ನ ಅವ್ವ ಅತ್ತದ್ದನ್ನೂ ಕಂಡಿದ್ದೇನೆ, ನೆರೆಯವರ ಸುದ್ದಿ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನೂ ಕಂಡಿದ್ದೇನೆ. ಅವಳ ಕಾರ್ಟಿಸಾಲ್ ಏನಾಯಿತೋ. ಕೌದಿಯಂತೂ ಆಯಿತು.

ಈಗ ನನ್ನ ವಿರುದ್ಧದ ಗಟ್ಟಿ ಮಾತಿಗೆ ಬರುತ್ತೇನೆ. ಇದನ್ನು ಹೇಳಿದ್ದು ಒಬ್ಬ ಹುಡುಗಿ, ಮುಖದ ಮೇಲೇ ಹೇಳಿದಳು. "ಸರ್, ನೀವು ಗಂಡಸರು ರಂಗೋಲಿ ಎಷ್ಟು ಚೆಂದ ಅಂತ ಬರೀತೀರಿ. ಐದಕ್ಕೆ ಎದ್ದು ಹಾಕೋರು ನಾವು. ಒಂದಿನ ಹಾಕದಿದ್ರ ಅತ್ತಿ ಓಣಿ ಒಂದ್ ಮಾಡ್ತಾರ." ಅವಳ ಮಾತಿಗೆ ನನ್ನಲ್ಲಿ ಪೂರಾ ಉತ್ತರವಿಲ್ಲ. ಮನಸ್ಸಿದ್ದರೆ ಆಟ, ಇಲ್ಲದಿದ್ದರೆ ಬಿಟ್ಟಿ ಚಾಕರಿ. ಎಷ್ಟೋ ಮನೆಗಳಲ್ಲಿ ಗಂಡ ಸತ್ತವಳ ಕೈಯಿಂದ ರಂಗೋಲಿ ಬಟ್ಟಲನ್ನು ಕಸಿದುಕೊಂಡದ್ದೂ ಸುಳ್ಳಲ್ಲ. ಹಳೆಯದೆಲ್ಲ ಹೊನ್ನು ಎಂದು ನಾನು ಹೇಳಿದರೆ ಆ ಹೆಂಗಸರಿಗೆ ದ್ರೋಹ ಬಗೆದಂತೆ. ಆದರೆ ಇದಕ್ಕೆ ಪರಿಹಾರವೆಂದು ನಾವು ತಂದದ್ದೇನು? ಹೊಸ್ತಿಲಿಗೆ ಸ್ಟಿಕರ್. ಚಾಕರಿ ತಪ್ಪಿತು, ಸರಿ. ಅದರ ಜೊತೆಗೆ ಆಟವೂ ಹೋಯಿತು. ನೆಟ್ಟಗಿನ ಪರಿಹಾರ ಬೇರೆ ಇತ್ತು: ಬಟ್ಟಲನ್ನು ಗಂಡಸರ ಕೈಗೆ, ಹುಡುಗರ ಕೈಗೆ, ಯಾರಿಗೆ ಕೊಡಬಾರದೆಂದು ಕಸಿದರೋ ಅವರ ಕೈಗೆ ಕೊಡುವುದು. ಹಾಕಲೇಬೇಕು ಎಂಬುದನ್ನು ತೆಗೆದು, ಯಾರು ಬೇಕಾದರೂ ಹಾಕಬಹುದು ಎಂದು ಮಾಡುವುದು. ಅಷ್ಟು ದೂರ ನಡೆಯುವುದಕ್ಕಿಂತ ನಮಗೆ ಸ್ಟಿಕರ್ ಹತ್ತಿರವಾಯಿತು. (ನಾನಿರುವ ಬಾಡಿಗೆ ಮನೆಯ ಹೊಸ್ತಿಲಿಗೂ ಅದೇ ಇದೆ, ಒಂದು ಮೂಲೆ ಕಿತ್ತಿದೆ.)

ಪುರುಸೊತ್ತಿದ್ದವರ ಮಾತು ಇದು, ದುಡಿದು ತಿನ್ನುವವರಿಗೆಲ್ಲಿಯ ಚಿತ್ರ ಎನ್ನುವವರೂ ಇದ್ದಾರೆ. ದುಡಿದು ತಿನ್ನುವವರನ್ನು ಇವರು ಹತ್ತಿರದಿಂದ ನೋಡಿಲ್ಲ. ಮಳೆ ಕೈಕೊಟ್ಟ ವರ್ಷ ಮಾನ್ವಿ, ದೇವದುರ್ಗ, ಲಿಂಗಸುಗೂರು ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವವರು ಸಾವಿರಾರು ಜನ. ಅಂಥವರ ಶೆಡ್ಡಿಗೆ ಒಮ್ಮೆ ಪರಿಚಿತರನ್ನು ಹುಡುಕಿಕೊಂಡು ಹೋಗಿದ್ದೆ. ಕಟ್ಟಡದ ಪಾಯಕ್ಕೆ ಗುರುತು ಹಾಕಲು ತಂದ ಸುಣ್ಣದ ಪುಡಿ ಮೂಲೆಯಲ್ಲಿ ಬಿದ್ದಿತ್ತು. ತಗಡಿನ ಶೆಡ್ಡಿನ ಬಾಗಿಲಿಗೆ, ಎರಡು ಇಟ್ಟಿಗೆಯ ಅಗಲದ ಜಾಗದಲ್ಲಿ, ಅದೇ ಪುಡಿಯಿಂದ ಒಂದು ಪುಟ್ಟ ರಂಗೋಲಿ. ಹಾಕಿದವಳು ಎಂಟು ಗಂಟೆಗೆ ಬುಟ್ಟಿ ಹೊರಬೇಕಿತ್ತು. ಪಕ್ಕದಲ್ಲಿ ಅವಳ ಮೂರು ವರ್ಷದ ಮಗಳು ಅದೇ ಪುಡಿಯಿಂದ ನೆಲದ ಮೇಲೆ ಉದ್ದಾನುದ್ದ ಗೆರೆ ಎಳೆಯುತ್ತಿದ್ದಳು. ತಾಯಿ ಅದನ್ನು ತಿದ್ದಲಿಲ್ಲ. ದಾಟುವಾಗ ಸೀರೆಯ ನಿರಿಗೆ ಎತ್ತಿ ಹಿಡಿದು, ತುಳಿಯದೆ ದಾಟಿದಳು. ಪುರುಸೊತ್ತಿನ ಮಾತನ್ನು ಅವಳಿಗೆ ಹೇಳಲು ನಾವು ಯಾರು? ದಿನಕ್ಕೆ ಎರಡು ತಾಸು ರೀಲ್ಸ್ ಉರುಳಿಸುವ ಬೆರಳು ನಮ್ಮದು.

ಮತ್ತೆ ಆ ಅಮಾವಾಸ್ಯೆಯ ದಿನಕ್ಕೆ. ಹುಡುಗನಿಗೆ ಉಪದೇಶ ಮಾಡಿ ಫಲವಿರಲಿಲ್ಲ. ಮಧ್ಯಾಹ್ನ ಹಿತ್ತಲಿಗೆ ಹೋಗಿ ನಾನೇ ಮಣ್ಣು ಹಿಡಿದು ಕುಳಿತೆ. ಐವತ್ತು ದಾಟಿದ ಮೇಲೆ ಮಣ್ಣು ಮುಟ್ಟಿದ್ದು ಅದೇ ಮೊದಲು. ಅವ್ವ ಮಣ್ಣಿಗೆ ಹತ್ತಿಯ ಎಳೆ ಸೇರಿಸಿ ನಾದುತ್ತಿದ್ದಳು, ಒಣಗಿದಾಗ ಬಿರಿಯದಿರಲೆಂದು. ಅದು ನೆನಪಾಗಿ ಹಾಗೇ ಮಾಡಿದೆ. ನನ್ನ ಎತ್ತು ಹುಡುಗನದಕ್ಕಿಂತ ಕಡೆ. ಅವನಿಗೆ ಅದರಿಂದ ಎಷ್ಟು ಸಂತೋಷವಾಯಿತೆಂದರೆ ಓಡಿಹೋಗಿ ಗಡಿಗೆಯ ಹಿಂದಿನಿಂದ ತನ್ನದನ್ನು ತಂದು ಪಕ್ಕದಲ್ಲಿಟ್ಟ. ಹೊತ್ತು ಇಳಿಯುವಾಗ ತಂಗಿಯ ಗಂಡ ಹೊಲದಿಂದ ಬಂದ. ಟ್ರ್ಯಾಕ್ಟರ್ ಬಂದ ಮೇಲೆ ಅವನು ಎತ್ತು ಮಾರಿ ಆರು ವರ್ಷವಾಗಿತ್ತು. ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ತಡೆಯಲಾರದೆ ಕುಕ್ಕರಗಾಲಲ್ಲಿ ಕುಳಿತ. "ಹಂಗಲ್ರಿ. ಇಣಿ ಮ್ಯಾಲ ಹಚ್ಚಬಾರ್ದು, ಒಳಗಿಂದ ಎಬ್ಬಿಸ್ಬೇಕು." ಹೆಬ್ಬೆರಳಿನಿಂದ ಬೆನ್ನನ್ನು ಎರಡು ಕಡೆಯಿಂದ ಒತ್ತುತ್ತ ಮೇಲಕ್ಕೆ ಜಗ್ಗಿದ. ಇಣಿ ಎದ್ದು ನಿಂತಿತು. ಕೊರಳ ಕೆಳಗಿನ ತೊಗಲನ್ನು ಉಗುರಿನಿಂದ ಎರಡು ಮಡಿಕೆ ಮಾಡಿದ. ಬಲಗೋಡು ತುಸು ಒಳಕ್ಕೆ ಬಾಗಿಸಿದ. "ನಮ್ಮ ರಾಮಂದು ಹಿಂಗಿತ್ತು," ಎಂದ, ಯಾರಿಗೂ ಅಲ್ಲ. ಮಾರಿದ ಎತ್ತಿನ ಹೆಸರು ಆರು ವರ್ಷದ ಮೇಲೆ ಆ ಮನೆಯಲ್ಲಿ ಆವತ್ತು ಕೇಳಿಬಂತು. ತಂಗಿ ಒಳಗಿನಿಂದ ಬಂದಳು, ಮೂವರ ಎತ್ತು ನೋಡಿ ಸೆರಗು ಬಾಯಿಗೆ ಹಚ್ಚಿ ನಕ್ಕಳು, ನಗುತ್ತಲೇ ಒಂದು ಉಂಡೆ ಮಣ್ಣು ತಗೊಂಡು ಎತ್ತುಗಳ ಮೇವಿಗೆ ಗ್ವಾದಲಿ ಮಾಡಿದಳು. ಗ್ವಾದಲಿ ವಾರೆಯಾಗಿತ್ತು. ಯಾರೂ ಏನೂ ಅನ್ನಲಿಲ್ಲ. ಮೊಬೈಲು ಒಳಗೆಲ್ಲೋ ಎರಡು ಸಲ ಬಡಕೊಂಡು ಸುಮ್ಮನಾಯಿತು.

ಎತ್ತು ಕೊಳ್ಳಬೇಡಿ ಎಂದರೆ ಕುಂಬಾರರ ಹೊಟ್ಟೆಯ ಮೇಲೆ ಹೊಡೆದಂತಲ್ಲವೇ ಎಂದು ಒಬ್ಬ ಗೆಳೆಯ ಕೇಳಿದ. ಒಳ್ಳೆಯ ಪ್ರಶ್ನೆ. ಕುಂಬಾರ ಕೈಯಿಂದ ಮಾಡಿ ಮನೆಗೆ ತಂದುಕೊಡುತ್ತಿದ್ದ, ಕಾಳು ಪಡೆಯುತ್ತಿದ್ದ ಎತ್ತಿನ ಮೇಲೆ ನನ್ನ ತಕರಾರಿಲ್ಲ, ಆ ಜೋಡಿ ಜಗಲಿಯ ಮೇಲಿರಲಿ. ಆ ಕುಂಬಾರನ ಹೊಟ್ಟೆಗೆ ನಾನು ಹೊಡೆಯುವ ಮೊದಲೇ ಬಂಗಾರ ಬಳಿದ ಅಚ್ಚಿನ ಮಾಲು ಹೊಡೆದಾಗಿದೆ. ಕುಂಬಾರರ ಓಣಿಗೆ ಹೋಗಿ ತುಳಿದು ಹದ ಮಾಡಿದ ಮಣ್ಣನ್ನೇ ಕೊಳ್ಳಿ. ಅವರಿಗೂ ಕಾಸು, ನಿಮ್ಮ ಮಕ್ಕಳಿಗೂ ಕೆಲಸ.

ಕಾರಹುಣ್ಣಿಮೆ ಆದ ಹದಿನೈದನೆಯ ದಿನ ಅಮಾವಾಸ್ಯೆ, ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಿ. ಅಂದು ಒಂದು ಬುಟ್ಟಿ ಮಣ್ಣು ಅಂಗಳದ ನಡುವೆ ಸುರಿಯಿರಿ. ಮನೆಯ ಗಂಡಸರನ್ನು ಮೊದಲು ಕೂಡಿಸಿ. ಮಾಡಿದ್ದನ್ನು ಫೋಟೋ ತೆಗೆಯಬೇಡಿ, ಯಾರದು ಚೆಂದ ಎಂದು ಕೇಳಬೇಡಿ. ಮರುದಿನ ಹುಡುಗರು ಮುರಿದ ಎತ್ತು ಹೊತ್ತು ಬಾಗಿಲಿಗೆ ಬಂದರೆ ಮೊರದ ತುಂಬ ಜೋಳ ನೀಡಿ.